ನೈನಿತಾಲದ ಸರೋವರವನ್ನು ನೋಡುವ ಬಗೆ

ಬೇಸಿಗೆಯ ರಜೆಯು ಸಮೀಪಿಸಿತೆಂದರೆ ಅನುಕೂಲವುಳ್ಳ ಗೃಹಸ್ಥರ ಮನೆಗಳಲ್ಲಿ ತಂಪಾದ ಸ್ಥಳಗಳ ಮಾತು ಹುಟ್ಟುವುದು ಸಹಜವಾಗಿದೆ. ಜೀವಮಾನದಲ್ಲಿ ಒಮ್ಮೆಯಾದರೂ ಹಿಮಾಲಯದ ಮಡಿಲನ್ನು ಕಾಣಬೇಕೆಂಬ ಹಂಬಲವು ಯಾರಿಗಿಲ್ಲ? ಇಂತಹ ವಾಚಕರ ಉಪಯೋಗಕ್ಕಾಗಿ ಈ ತಿಂಗಳು ನಾವು ನೈನಿತಾಲವೆಂಬ ಗಿರಿಧಾಮದ ವಿಚಾರವನ್ನು ಬರೆಯುತ್ತೇವೆ. ಅಲ್ಲಿ ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಹೋಟೆಲಿನ ಆಳು ಸಹ ಬಾಯಿಪಾಠವಾಗಿ ಒಪ್ಪಿಸುವನು. ಆದರೆ ಆ ಸ್ಥಳಗಳಿಗೆ ಒಂದಕ್ಕೊಂದು ಇರುವ ಸಂಬಂಧವೇನು, ಆ ಚೆಲುವು ಯಾವುದರ ಆಧಾರದ ಮೇಲೆ ನಿಂತಿದೆ ಎಂಬುದನ್ನು ತಿಳಿಸುವವರು ವಿರಳ. ನೈನಿತಾಲದಲ್ಲಿ ಈ ಸಂಬಂಧವು ನೀರಿನದು. ನೀರಿನ ದಾರಿಯನ್ನು ಹಿಡಿದು ನೋಡಿದವರಿಗೆ ಆ ಊರು ಸಂಪೂರ್ಣವಾಗಿ ಅರ್ಥವಾಗುವುದು.

ನೈನಿತಾಲವು ಉತ್ತರಾಖಂಡ ರಾಜ್ಯದ ಕುಮಾವೂನ್ ಸೀಮೆಯಲ್ಲಿದೆ. ರೈಲಿನ ದಾರಿಯು ಬೆಟ್ಟದ ಬುಡದ ಕಾಠಗೋದಾಮಿನಲ್ಲಿ ಕೊನೆಗೊಳ್ಳುತ್ತದೆ. ಈ ಹೆಸರಿಗೆ ಮರದ ಉಗ್ರಾಣವೆಂದು ಅರ್ಥ. ೧೮೮೪ನೆಯ ಇಸವಿಯಲ್ಲಿ ಇಲ್ಲಿಗೆ ರೈಲು ಬಂದಿತು. ಸುತ್ತಣ ನೆಲಕ್ಕೆ ಭಾಬರ್ ಎಂದು ಹೆಸರು. ಬೆಟ್ಟದಿಂದ ಇಳಿದ ಹೊಳೆಗಳು ಯುಗಯುಗಗಳಿಂದ ತಂದು ಸುರಿದ ಕಲ್ಲು ಜಲ್ಲಿಗಳಿಂದ ಈ ನೆಲವು ಉಂಟಾಗಿದೆ. ಹೊಳೆಯ ನೀರು ಇಲ್ಲಿ ನೆಲದೊಳಕ್ಕೆ ಇಂಗಿಹೋಗಿ, ದಕ್ಷಿಣದ ತರಾಯಿ ಎಂಬ ತಗ್ಗುಸೀಮೆಯಲ್ಲಿ ಒರತೆಯಾಗಿ ಪುನಃ ಮೇಲಕ್ಕೆ ಬರುವುದು. ಕಣ್ಣಿಗೆ ಕಾಣದ ನೀರೂ ನೀರೇ ಎಂಬ ಮೊದಲನೆಯ ಪಾಠವನ್ನು ಯಾತ್ರಿಕನು ಇಲ್ಲಿಯೇ ಕಲಿಯಬಹುದು. ಮುಂದಕ್ಕೆ ಈ ಪಾಠವು ಬೇಕಾಗುತ್ತದೆ.

ಕಾಠಗೋದಾಮಿನಿಂದ ಸುಮಾರು ೨೨ ಮೈಲಿ ಮೋಟಾರು ದಾರಿ. ದಾರಿಯು ಬೆಟ್ಟದ ಮೈಯನ್ನು ಸುತ್ತಿ ಸುತ್ತಿ ಏರುತ್ತದೆ. ಕೆಳಗಡೆ ಸಾಲದ ಕಾಡು. ಸ್ವಲ್ಪ ಏರಿದ ಮೇಲೆ ಸೂಜಿಯಂತಹ ಎಲೆಗಳುಳ್ಳ ಚೀಡ್ ಮರಗಳು. ಇನ್ನೂ ಮೇಲಕ್ಕೆ ಹೋದಂತೆ ಬಾಂಜ್ ಎಂಬ ಓಕ್ ಮರಗಳ ದಟ್ಟವಾದ ನೆರಳು. ಎರಡು ಗಂಟೆಗಳ ಪ್ರಯಾಣದೊಳಗೆ ಸೆಕೆ ಹೋಗಿ ಚಳಿ ಬರುವುದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಮರಗಳು ಹೀಗೆ ಬದಲಾಗುವುದನ್ನು ಅವರಿಗೆ ತೋರಿಸತಕ್ಕದ್ದು. ಭೂಗೋಳದ ಪುಸ್ತಕದಲ್ಲಿ ಓದಿದ್ದು ಅವರ ಮನಸ್ಸಿನಲ್ಲಿ ಆಗ ಚೆನ್ನಾಗಿ ನಿಲ್ಲುವುದು.

ಕೊನೆಯ ತಿರುವನ್ನು ಕಳೆದೊಡನೆ ಸರೋವರವು ಎದುರಿಗೆ ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು ೬,೩೫೦ ಅಡಿ ಎತ್ತರದಲ್ಲಿ, ಏಳು ಬೆಟ್ಟಗಳ ನಡುವೆ, ಹಸುರು ಬಣ್ಣದ ಈ ನೀರು ಹರವಿಕೊಂಡಿದೆ. ಉದ್ದವು ಒಂದು ಮೈಲಿಗೆ ಸ್ವಲ್ಪ ಕಡಿಮೆ. ಅಗಲವು ಕಾಲು ಮೈಲಿಗೆ ಸ್ವಲ್ಪ ಹೆಚ್ಚು. ಅತ್ಯಂತ ಆಳವಾದ ಕಡೆ ಸುಮಾರು ೯೦ ಅಡಿ. ನೀರಿನ ಒಂದು ತುದಿಯಲ್ಲಿರುವ ಪೇಟೆಗೆ ಮಲ್ಲಿತಾಲವೆಂದೂ ಇನ್ನೊಂದು ತುದಿಯದಕ್ಕೆ ತಲ್ಲಿತಾಲವೆಂದೂ ಹೆಸರುಂಟು. ಮಲ್ಲಿ ಎಂಬ ಮಾತನ್ನು ಕೇಳಿ ನಮ್ಮವರು ಹೂವೆಂದು ತಿಳಿಯಬಾರದು. ಕುಮಾವೂನಿಯಲ್ಲಿ ಮಲ್ಲಿ ಎಂದರೆ ಮೇಲಿನದು, ತಲ್ಲಿ ಎಂದರೆ ಕೆಳಗಿನದು, ತಾಲವೆಂದರೆ ಕೆರೆ. ಎರಡು ಪೇಟೆಗಳನ್ನು ಸೇರಿಸುವ ದಡದ ರಸ್ತೆಗೆ ಮಾಲ್ ರೋಡ್ ಎಂದು ಹೆಸರು. ಎದುರು ದಡದಲ್ಲಿ ಮರಗಳ ನೆರಳಿನಲ್ಲಿ ಸಾಗುವ ಕಾಲುದಾರಿಗೆ ಠಂಡಿ ಸಡಕ್, ಅಂದರೆ ತಣ್ಣನೆಯ ರಸ್ತೆ ಎಂಬ ಹೆಸರು ತಕ್ಕುದಾಗಿಯೇ ಇದೆ. ಅಂಗಡಿಗಳ ಸಡಗರ ಬೇಕಾದವರು ಮೊದಲನೆಯದರಲ್ಲಿಯೂ, ಸಮಾಧಾನ ಬೇಕಾದವರು ಎರಡನೆಯದರಲ್ಲಿಯೂ ನಡೆಯಬಹುದು.

ಈ ಸರೋವರಕ್ಕೆ ಪುರಾಣವೂ ಉಂಟು. ದಕ್ಷಯಜ್ಞದಲ್ಲಿ ದೇಹತ್ಯಾಗ ಮಾಡಿದ ಸತೀದೇವಿಯ ಶರೀರವನ್ನು ಶಿವನು ಹೊತ್ತು ತಿರುಗುತ್ತಿರುವಾಗ ಆಕೆಯ ನಯನವು ಬಿದ್ದ ಸ್ಥಳವೇ ಇದೆಂದು ಜನರು ನಂಬುತ್ತಾರೆ. ಮಲ್ಲಿತಾಲದ ದಡದಲ್ಲಿ ನೈನಾದೇವಿಯ ಗುಡಿ ಇದೆ. ಅತ್ರಿ, ಪುಲಸ್ತ್ಯ, ಪುಲಹರೆಂಬ ಮೂವರು ಋಷಿಗಳು ಬಾಯಾರಿ ಬಂದು, ನೀರು ಕಾಣದೆ, ನೆಲವನ್ನು ಅಗೆದು ಮಾನಸಸರೋವರದ ಜಲವನ್ನು ಇಲ್ಲಿಗೆ ಬರಮಾಡಿಕೊಂಡರೆಂದು ಇನ್ನೊಂದು ಕಥೆ. ಅದರಿಂದ ಇದಕ್ಕೆ ತ್ರಿಋಷಿಸರೋವರವೆಂಬ ಹೆಸರೂ ಸಲ್ಲುತ್ತದೆ. ಮೊದಲನೆಯ ಕಥೆಯು ಸರೋವರವನ್ನು ಕಣ್ಣೆಂದು ಹೇಳುವುದು. ಎರಡನೆಯದು ಬಾಯಾರಿಕೆಗೆ ಒದಗಿದ ನೀರೆಂದು ಹೇಳುವುದು. ಯಾತ್ರಿಕರು ಮೊದಲನೆಯದನ್ನು ಮಾತ್ರ ಜ್ಞಾಪಕದಲ್ಲಿಡುತ್ತಾರೆ. ಊರಿನವರಿಗೆ ಎರಡನೆಯದು ದಿನದಿನದ ಅನುಭವವಾಗಿದೆ. ಏಕೆಂದರೆ ೨೦೧೧ರ ಜನಗಣತಿಯಲ್ಲಿ ೪೧ ಸಾವಿರಕ್ಕೆ ಮೇಲ್ಪಟ್ಟಿದ್ದ ಈ ಊರಿನ ಜನರಿಗೂ, ಬೇಸಿಗೆಯಲ್ಲಿ ಬಂದು ಸೇರುವ ಅತಿಥಿಗಳಿಗೂ ಕುಡಿಯುವ ನೀರಿಗೆ ಮುಖ್ಯ ಆಸರೆಯು ಈ ಸರೋವರವೇ. ಉತ್ತರದ ದಡದ ಬಳಿ ತೋಡಿರುವ ಬಾವಿಗಳಿಗೆ ಸರೋವರದ ನೀರು ಮಣ್ಣಿನ ಮೂಲಕ ಸೋಸಿಕೊಂಡು ಬರುವುದು. ಅದನ್ನು ಮೇಲೆತ್ತಿ ಮನೆಮನೆಗೂ ಹಂಚುತ್ತಾರೆ. ದೋಣಿಯಲ್ಲಿ ಕುಳಿತು ವಿಹರಿಸುವವರು ಒಂದು ಊರಿನ ಕುಡಿಯುವ ನೀರಿನ ಕೊಡದ ಮೇಲೆ ವಿಹರಿಸುತ್ತಿದ್ದಾರೆಂಬುದನ್ನು ಮರೆಯಬಾರದು.

ಇಂಗ್ಲಿಷರ ವಸತಿಯು ಇಲ್ಲಿ ಹೇಗೆ ಬೆಳೆಯಿತೆಂಬುದೂ ಕೇಳತಕ್ಕ ಸಂಗತಿ. ಷಹಜಹಾನಪುರದ ಕಡೆಯ ಸಕ್ಕರೆಯ ವರ್ತಕನಾದ ಬ್ಯಾರನ್ ಎಂಬವನು ೧೮೪೧ರಲ್ಲಿ ಈ ಸರೋವರವನ್ನು ಕಂಡು ಮೋಹಿತನಾಗಿ, ಪಿಲ್ಗ್ರಿಮ್ ಅಂದರೆ ಯಾತ್ರಿಕನೆಂಬ ಹೆಸರಿನಿಂದ ಇದರ ವಿಷಯವಾಗಿ ಬರೆದು ಪ್ರಚುರಪಡಿಸಿದನು. ಅವನಿಗಿಂತ ಮುಂಚೆ ಕುಮಾವೂನಿನ ಕಮಿಷನರಾಗಿದ್ದ ಟ್ರೇಲ್ ಎಂಬ ಅಧಿಕಾರಿಯು ಇದನ್ನು ಕಂಡಿದ್ದರೂ, ಜನರು ಪವಿತ್ರವೆಂದು ಭಾವಿಸಿದ ಸ್ಥಳದ ಸುದ್ದಿಯನ್ನು ಹೊರಗೆಡಹಲಿಲ್ಲವೆಂದು ಹೇಳುತ್ತಾರೆ. ಬ್ಯಾರನ್ ಸಾಹೇಬನಿಗೆ ಅಂತಹ ಸಂಕೋಚವಿರಲಿಲ್ಲ. ಸರೋವರದ ಸುತ್ತಣ ಭೂಮಿಯು ತನ್ನದೆನ್ನುತ್ತಿದ್ದ ನರಸಿಂಗನೆಂಬ ಮುಖಂಡನನ್ನು ದೋಣಿಯಲ್ಲಿ ಕುಳ್ಳಿರಿಸಿಕೊಂಡು ನಡುನೀರಿಗೆ ಹೋಗಿ, ಹಕ್ಕನ್ನು ಬಿಟ್ಟುಕೊಡದಿದ್ದರೆ ಇಲ್ಲಿಯೇ ಇಳಿಸುವೆನೆಂದು ಹೆದರಿಸಿ ರುಜು ಹಾಕಿಸಿಕೊಂಡನೆಂಬ ಕಥೆಯು ಇಂದಿಗೂ ಪ್ರಚಾರದಲ್ಲಿದೆ. ಕೇಳುವವರು ನಗುತ್ತಾರೆ. ಈಜು ಬಾರದ ಆ ಮುಖಂಡನು ಅಂದು ನಕ್ಕಿರಲಾರನು.

ಹೀಗೆ ಹುಟ್ಟಿದ ಊರು ನಾಲ್ಕು ದಶಕಗಳೊಳಗೆ ದಡದಿಂದ ಬೆಟ್ಟದ ಮೈಮೇಲೆ ಹತ್ತಿತು. ಈ ಬೆಟ್ಟಗಳ ಸ್ವಭಾವವನ್ನು ಇಲ್ಲಿ ಸ್ವಲ್ಪ ತಿಳಿಯುವುದು ಅವಶ್ಯಕ. ಸರೋವರದ ಒಂದು ಪಕ್ಕದಲ್ಲಿರುವ ಅಯಾರ್‌ಪಾಟಾ ಬೆಟ್ಟವು ಬಹುಮಟ್ಟಿಗೆ ಸುಣ್ಣದ ಕಲ್ಲಿನದು. ಎದುರು ಪಕ್ಕದ ಶೇರ್‌ ಕಾ ಡಾಂಡಾ ಬೆಟ್ಟವು ಹಲಗೆ ಹಲಗೆಯಾಗಿ ಬಿಡಿಸಿಕೊಳ್ಳುವ ಬಳಪದ ಕಲ್ಲಿನಂತಹ ಶಿಲೆಯದು. ಎರಡರ ನಡುವೆ ಸರೋವರದ ಉದ್ದಕ್ಕೂ ಭೂಮಿಯ ಪದರವು ಸೀಳಿದ ರೇಖೆಯೊಂದು ಹಾದುಹೋಗಿದೆಯೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಒಂದರ ಮೇಲೊಂದು ಜೋಡಿಸಿದ ಹಂಚುಗಳ ನಡುವೆ ನೀರು ಹೊಕ್ಕರೆ ಅವು ಹೇಗೆ ಜಾರುವುವೋ ಹಾಗೆಯೇ ಈ ಕಲ್ಲಿನ ಹಲಗೆಗಳೂ ಜಾರುವ ಸ್ವಭಾವವುಳ್ಳವು. ಮರವನ್ನು ಕಡಿದು, ಮೈಯನ್ನು ತೋಡಿ, ಮನೆ ಕಟ್ಟಲು ಮಟ್ಟ ಮಾಡಿದ ಕಡೆಯಲ್ಲಿ ಮಳೆಯ ನೀರು ಒಳಗೆ ಇಳಿಯುವುದಕ್ಕೆ ಇನ್ನೂ ಸುಲಭವಾಗುವುದು.

ಇದರ ಫಲವು ೧೮೮೦ನೆಯ ಇಸವಿ ಸೆಪ್ಟೆಂಬರಿನಲ್ಲಿ ಕಂಡಿತು. ಆ ತಿಂಗಳ ೧೬ರಿಂದ ೧೯ರ ವರೆಗೆ ಸುಮಾರು ೩೩ ಅಂಗುಲ ಮಳೆ ಬಿದ್ದಿತು. ೧೮ನೆಯ ತಾರೀಖು ಶನಿವಾರ ಬೆಳಿಗ್ಗೆ ವಿಕ್ಟೋರಿಯಾ ಹೋಟೆಲಿನ ಹಿಂಭಾಗದಲ್ಲಿ ಸ್ವಲ್ಪ ಮಣ್ಣು ಕುಸಿದು ಕೆಲವರು ಸಿಕ್ಕಿಕೊಂಡರು. ಅವರನ್ನು ತೆಗೆಯುವುದಕ್ಕೆ ಅಧಿಕಾರಿಗಳೂ ಸಿಪಾಯಿಗಳೂ ಕೂಲಿಗಳೂ ಓಡಿಬಂದು ಕೆಲಸದಲ್ಲಿ ತೊಡಗಿದರು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಬೆಟ್ಟದ ದೊಡ್ಡ ಭಾಗವೇ ಬಿಟ್ಟುಕೊಂಡು ಕ್ಷಣಮಾತ್ರದಲ್ಲಿ ಹೋಟೆಲನ್ನೂ, ಅದರ ಕೆಳಗಿದ್ದ ಅಂಗಡಿಯನ್ನೂ, ಸಭಾಮಂದಿರವನ್ನೂ, ದೇವಿಯ ಗುಡಿಯನ್ನೂ ಕೊಚ್ಚಿಕೊಂಡು ಸರೋವರದ ವರೆಗೂ ಬಂದಿತು. ಸತ್ತವರ ಸಂಖ್ಯೆ ೧೫೧. ಇವರಲ್ಲಿ ೧೦೮ ಮಂದಿ ಭಾರತೀಯರು, ೪೩ ಮಂದಿ ಆಂಗ್ಲರೇ ಮೊದಲಾದ ಯೂರೋಪಿಯನರು. ಇತರರನ್ನು ಉಳಿಸುವುದಕ್ಕೆಂದು ಬಂದವರೇ ಇವರಲ್ಲಿ ಅನೇಕರು.

ಮಲ್ಲಿತಾಲದಲ್ಲಿ ಇಂದು ಫ್ಲಾಟ್ಸ್ ಎಂಬ ವಿಶಾಲವಾದ ಬಯಲನ್ನು ಎಲ್ಲರೂ ನೋಡುತ್ತಾರೆ. ಅಲ್ಲಿ ಹುಡುಗರು ಹಾಕಿಯನ್ನೂ ಕ್ರಿಕೆಟನ್ನೂ ಆಡುತ್ತಾರೆ. ಸಾಯಂಕಾಲ ಸಂಸಾರಸಮೇತ ಜನರು ಕುಳಿತು ತಿಂಡಿ ತಿನ್ನುತ್ತಾರೆ. ಮೊದಲು ಚಿಕ್ಕದಾಗಿದ್ದ ಆ ಬಯಲು ಇಷ್ಟು ವಿಸ್ತಾರವಾದದ್ದು ೧೮೮೦ರಲ್ಲಿ ಜಾರಿಬಂದ ಮಣ್ಣಿನಿಂದ. ಅಲ್ಲಿಗೆ ಸಮೀಪದಲ್ಲಿಯೇ ಈಗಿನ ನೈನಾದೇವಿಯ ಗುಡಿಯನ್ನು ಪುನಃ ಕಟ್ಟಿದ್ದಾರೆ. ಮೇಲುಗಡೆ ಮರಗಳ ನಡುವೆ ಅರಣ್ಯದ ಸಂತ ಯೋಹಾನನ ಹೆಸರಿನ ಹಳೆಯ ಇಗರ್ಜಿಯಿದೆ. ಅದರ ಒಳಗೆ ಆ ದಿನ ಮಡಿದವರ ನೆನಪಿಗಾಗಿ ಹೆಸರುಗಳನ್ನು ಕೊರೆದ ಫಲಕವನ್ನು ಇಟ್ಟಿದ್ದಾರೆ. ನೈನಿತಾಲಕ್ಕೆ ಹೋದವರು ಅರ್ಧ ಗಂಟೆಯನ್ನಾದರೂ ಅಲ್ಲಿ ಕಳೆಯಬೇಕೆಂಬುದು ನಮ್ಮ ಸಲಹೆ.

ಆ ವಿಪತ್ತಿನ ಅನಂತರ ಸರ್ಕಾರದವರು ಮಾಡಿದ ಕೆಲಸವು ಪ್ರಶಂಸನೀಯವಾದುದು. ಬೆಟ್ಟದ ನೆತ್ತಿಯಿಂದ ಸರೋವರದ ವರೆಗೆ ಕಲ್ಲುಕಟ್ಟಡದ ಕಾಲುವೆಗಳನ್ನು ಕಟ್ಟಿಸಿ, ಮಳೆಯ ನೀರು ಮಣ್ಣಿನೊಳಕ್ಕೆ ನುಗ್ಗದೆ ನೇರವಾಗಿ ಕೆಳಗಿಳಿಯುವಂತೆ ಮಾಡಿದರು. ದೊಡ್ಡ ಕಾಲುವೆಗಳೇ ಸುಮಾರು ಅರವತ್ತು. ಅವುಗಳಿಗೆ ಸೇರುವ ಕವಲುಗಳು ಅಸಂಖ್ಯಾತ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಈ ಕಾಲುವೆಗಳನ್ನು ಮಾಲ್ ರೋಡಿನಲ್ಲಿ ಹೋಗುವಾಗ ಅಡಿಗಡಿಗೂ ದಾಟಬೇಕು. ಪ್ರವಾಸಿಗರಿಗೆ ಅವು ಕೇವಲ ಚರಂಡಿಗಳಂತೆ ಕಾಣುತ್ತವೆ. ಊರನ್ನು ಬೆಟ್ಟದ ಮೇಲೆ ಹಿಡಿದು ನಿಲ್ಲಿಸಿರುವ ನರಗಳು ಇವು ಎಂದು ತಿಳಿದವನು ಅದರೊಳಗೆ ಬಾಳೆಹಣ್ಣಿನ ಸಿಪ್ಪೆಯನ್ನಾಗಲಿ, ನೀರಿನ ಸೀಸೆಯನ್ನಾಗಲಿ ಎಸೆಯಲಾರನು. ಕಾಲುವೆಯು ಕಟ್ಟಿಕೊಂಡರೆ ನೀರು ಬೇರೆ ದಾರಿಯನ್ನು ಹುಡುಕುವುದು. ಆ ದಾರಿಯು ಬೆಟ್ಟದ ಒಳಗಿನದಾಗಬಹುದು. ಕಟ್ಟಿಕೊಳ್ಳದಿದ್ದರೆ ಆ ಕಸವೆಲ್ಲವೂ ಸರೋವರವನ್ನು ಸೇರುವುದು.

ಅಪಾಯವು ಹಿಂದಿನ ಕಾಲದ ಮಾತೆಂದು ಭಾವಿಸಲಾಗದು. ತಲ್ಲಿತಾಲದಲ್ಲಿ ಸರೋವರದ ಹೆಚ್ಚಿನ ನೀರು ಹೊರಗೆ ಹೋಗುವ ಬಲಿಯಾ ನಾಲೆಯ ಕೊರಕಲು ವರ್ಷೇ ವರ್ಷೇ ಕುಸಿಯುತ್ತ, ಅದರ ಅಂಚಿನ ಮನೆಗಳವರನ್ನು ಬೇರೆಡೆಗೆ ಹೋಗುವಂತೆ ಮಾಡಿದೆ. ೨೦೧೮ರ ಆಗಸ್ಟಿನಲ್ಲಿ ಕೆಳಗಣ ಮಾಲ್ ರೋಡಿನ ಒಂದು ಭಾಗವೇ ಸರೋವರದೊಳಕ್ಕೆ ಜಾರಿತು. ಅಯಾರ್‌ಪಾಟಾ ಬೆಟ್ಟದ ಮೇಲೆ, ಸುಮಾರು ೭,೫೦೦ ಅಡಿ ಎತ್ತರದಲ್ಲಿ, ಟಿಫಿನ್ ಟಾಪ್ ಎಂಬ ಪ್ರಸಿದ್ಧವಾದ ನೋಟದ ಸ್ಥಳವುಂಟು. ಅಲ್ಲಿ ಡೊರೊಥಿ ಎಂಬ ಇಂಗ್ಲಿಷ್ ಮಹಿಳೆಯ ನೆನಪಿಗೆ ಕಟ್ಟಿದ್ದ ಕಲ್ಲಿನ ಆಸನದ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳದವರೇ ಇರಲಿಲ್ಲ. ೨೦೨೪ರ ಆಗಸ್ಟಿನ ಒಂದು ಮಳೆಯ ರಾತ್ರಿ ಆ ಆಸನವು ಬಂಡೆಯ ಸಮೇತ ಕುಸಿದುಹೋಯಿತು. ರಾತ್ರಿಯಾದುದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಹಳೆಯ ಮಾರ್ಗದರ್ಶಿಗಳನ್ನು ನಂಬಿ ಹೋಗುವವರು ಇದನ್ನು ತಿಳಿದಿರತಕ್ಕದ್ದು. ದಾರಿ ತೆರೆದಿದೆಯೇ ಎಂದು ಸ್ಥಳದಲ್ಲಿ ವಿಚಾರಿಸಿಯೇ ಹೊರಡಬೇಕು.

ಹಿಮದ ಶಿಖರಗಳನ್ನು ನೋಡುವ ಆಶೆಯುಳ್ಳವರಿಗೆ ಬೇರೆ ಸ್ಥಳಗಳು ಉಂಟು. ಶೇರ್‌ ಕಾ ಡಾಂಡಾದ ಮೇಲಿರುವ ಸ್ನೋ ವ್ಯೂ ಎಂಬಲ್ಲಿಗೆ ಮಲ್ಲಿತಾಲದಿಂದ ತೂಗುದಾರಿಯ ಬಂಡಿಯಿದೆ. ವೃದ್ಧರೂ ಮಕ್ಕಳೂ ಆಯಾಸವಿಲ್ಲದೆ ಹೋಗಬಹುದು. ಕಾಲಿನಲ್ಲಿ ಬಲವುಳ್ಳವರು ಸುಮಾರು ೮,೫೫೦ ಅಡಿಯ ನೈನಾ ಶಿಖರವನ್ನು ಹತ್ತತಕ್ಕದ್ದು. ಇದೇ ಈ ಬೆಟ್ಟಗಳೊಳಗೆ ಎತ್ತರವಾದುದು. ಆಕಾಶವು ಸ್ವಚ್ಛವಾಗಿದ್ದರೆ ಉತ್ತರದಲ್ಲಿ ೨೫,೬೪೩ ಅಡಿಯ ನಂದಾದೇವಿಯೂ, ಮೂರು ಮೊನೆಗಳ ತ್ರಿಶೂಲವೂ, ನಂದಾಕೋಟವೂ ಬೆಳ್ಳಿಯ ಗೋಡೆಯಂತೆ ಕಾಣುತ್ತವೆ. ದಕ್ಷಿಣಕ್ಕೆ ತಿರುಗಿದರೆ ಸರೋವರವು ಅಂಗೈಯಷ್ಟಾಗಿ, ಅದರಾಚೆ ಬಯಲುಸೀಮೆಯು ಮಬ್ಬಿನಲ್ಲಿ ಕರಗಿದಂತೆ ಕಾಣುವುದು. ಮೇ ತಿಂಗಳಲ್ಲಿ ಮಂಜು ಮತ್ತು ಧೂಳುಗಳಿಂದ ಈ ದರ್ಶನವು ಅನೇಕ ವೇಳೆ ತಪ್ಪುವುದು. ಮಳೆಗಾಲವು ಆಕಾಶವನ್ನು ತೊಳೆದ ಮೇಲೆ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳೇ ಇದಕ್ಕೆ ಪ್ರಶಸ್ತವಾದ ಕಾಲ.

ನೈನಾ ಶಿಖರದಿಂದ ಕೆಳಗೆ ನೋಡುವವರು ಸರೋವರದ ಮೇಲ್ಭಾಗದಲ್ಲಿ, ಊರಿನ ಅಂಚಿನಲ್ಲಿ, ಒಣಗಿದ ಬೋಗುಣಿಯಂತಿರುವ ಒಂದು ತಗ್ಗನ್ನು ಗಮನಿಸಬೇಕು. ಅದಕ್ಕೆ ಸೂಖಾತಾಲ, ಅಂದರೆ ಒಣಕೆರೆ ಎಂದು ಹೆಸರು. ಯಾವ ಮಾರ್ಗದರ್ಶಕನೂ ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ವರ್ಷದ ಬಹುಭಾಗ ಅದರಲ್ಲಿ ನೀರಿಲ್ಲ. ಆದರೂ ಈ ಲೇಖನದಲ್ಲಿ ನಾವು ಅದಕ್ಕೆ ಮೊದಲ ಮರ್ಯಾದೆಯನ್ನು ಕೊಡುತ್ತೇವೆ. ಮಳೆಗಾಲದಲ್ಲಿ ತುಂಬಿದ ನೀರು ಅಲ್ಲಿ ನಿಂತು, ಮೆಲ್ಲ ಮೆಲ್ಲನೆ ನೆಲದೊಳಕ್ಕೆ ಇಂಗಿ, ಬಂಡೆಗಳ ಸಂದಿಯ ಮೂಲಕ ಕೆಳಗಿನ ಸರೋವರವನ್ನು ಸೇರುತ್ತದೆ. ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಸರೋವರಕ್ಕೆ ಒಸರುವ ನೀರಿನಲ್ಲಿ ಗಣನೀಯ ಭಾಗವು ಇಲ್ಲಿಂದ ಬರುವುದೆಂದು ಜಲಶಾಸ್ತ್ರಜ್ಞರು ಪರೀಕ್ಷೆಗಳಿಂದ ಕಂಡುಕೊಂಡಿದ್ದಾರೆ. ಭಾಬರಿನಲ್ಲಿ ನಾವು ಕಲಿತ ಪಾಠವು ಇಲ್ಲಿ ಪುನಃ ಬಂದಿತು. ಗೃಹಿಣಿಯರು ಇದನ್ನು ಸುಲಭವಾಗಿ ತಿಳಿಯಬಲ್ಲರು: ಹಬ್ಬದ ದಿನ ಕೈಗೆ ಬಂದ ಹಣವನ್ನು ಅಂದೇ ಖರ್ಚು ಮಾಡದೆ, ಡಬ್ಬಿಯಲ್ಲಿಟ್ಟು, ತಿಂಗಳ ಕೊನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆಯುವ ಸಂಸಾರದಂತೆ ಈ ಒಣಕೆರೆಯು ಬೆಟ್ಟದ ನೀರನ್ನು ಕೂಡಿಟ್ಟು ಕೊಡುತ್ತದೆ.

ಒಣಗಿದ ನೆಲವು ನಿರುಪಯೋಗವೆಂಬ ಭಾವನೆಯಿಂದ ಅದರಲ್ಲಿ ಮಣ್ಣನ್ನೂ ಇಟ್ಟಿಗೆಯ ಚೂರುಗಳನ್ನೂ ಸುರಿದದ್ದಾಯಿತು. ಅಂಚಿನಲ್ಲಿ ಕಟ್ಟಡಗಳು ಎದ್ದದ್ದಾಯಿತು. ಅತ್ತ ೨೦೧೬ ಮತ್ತು ೨೦೧೭ರ ಬೇಸಿಗೆಗಳಲ್ಲಿ ಸರೋವರದ ನೀರು ಅಳತೆಯ ಕಂಬದ ಸೊನ್ನೆಗಿಂತ ಹಲವು ಅಡಿ ಕೆಳಗಿಳಿದು, ಕಾಲುವೆಗಳ ಬಾಯಿಯಲ್ಲಿ ಮಣ್ಣಿನ ದಿಬ್ಬಗಳು ಬಯಲಾದುವು; ಊರಿನವರ ನೀರಿಗೆ ಮಿತಿಯನ್ನು ಹಾಕಬೇಕಾಯಿತು. ನೈನಿತಾಲದಲ್ಲಿಯೇ ಇರುವ ಉತ್ತರಾಖಂಡದ ಉಚ್ಚನ್ಯಾಯಾಲಯವು ೨೦೨೨ರ ನವೆಂಬರಿನಲ್ಲಿ ಸೂಖಾತಾಲದಲ್ಲಿ ನಡೆಯುತ್ತಿದ್ದ ಕಟ್ಟಡದ ಕೆಲಸವನ್ನು ತಡೆಹಿಡಿಯಿತು. ನೀರಿಲ್ಲದ ಕೆರೆಯ ವಿಷಯವಾಗಿ ನ್ಯಾಯಸ್ಥಾನದಲ್ಲಿ ವಾದವೇ ಎಂದು ಯಾರಾದರೂ ಕೇಳಿದರೆ, ಕೆಳಗಿನ ನಲ್ಲಿಗಳನ್ನು ಅವರಿಗೆ ತೋರಿಸಬೇಕು.

ನೀರಿನ ಪರಿಮಾಣದಂತೆಯೇ ಅದರ ಗುಣವೂ ಕಾಪಾಡತಕ್ಕದ್ದು. ಸ್ನಾನದ ಹಂಡೆಯಲ್ಲಿ ಕಾದ ನೀರು ಮೇಲೆ ನಿಂತು, ತಣ್ಣೀರು ತಳದಲ್ಲಿ ಉಳಿಯುವುದನ್ನು ಎಲ್ಲರೂ ಬಲ್ಲರು. ಆಳವಾದ ಸರೋವರದಲ್ಲಿಯೂ ಬೇಸಿಗೆಯಲ್ಲಿ ಹಾಗೆಯೇ ಆಗುವುದು; ಮೇಲಣ ಗಾಳಿಯು ತಳಕ್ಕೆ ತಲುಪುವುದಿಲ್ಲ. ಊರಿನ ಕೊಳೆಯು ಸೇರಿ ಪಾಚಿಯು ಬೆಳೆದು ತಳದಲ್ಲಿ ಕೊಳೆಯುವಾಗ ಅಲ್ಲಿರುವ ಅಲ್ಪಸ್ವಲ್ಪ ಪ್ರಾಣವಾಯುವೂ ತೀರಿಹೋಗುವುದು. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು, ತಳದ ನೀರು ಮೇಲಕ್ಕೆ ಬಂದಾಗ ಮೀನುಗಳು ಉಸಿರಿಲ್ಲದೆ ಸಾಯುತ್ತಿದ್ದುವು. ಇದನ್ನು ನಿವಾರಿಸುವುದಕ್ಕಾಗಿ ೨೦೦೭ರಿಂದ ಯಂತ್ರಗಳ ಮೂಲಕ ಸರೋವರದ ತಳಕ್ಕೆ ಗಾಳಿಯನ್ನು ಊದುತ್ತ ಬಂದಿದ್ದಾರೆ. ದೋಣಿಯಲ್ಲಿ ಹೋಗುವಾಗ ಅಲ್ಲಲ್ಲಿ ಮೇಲಕ್ಕೆ ಉಕ್ಕುವ ಗುಳ್ಳೆಗಳನ್ನು ಕಂಡರೆ ಅವು ಈ ಚಿಕಿತ್ಸೆಯ ಗುರುತೆಂದು ತಿಳಿಯಬಹುದು. ರೋಗಿಗೆ ಉಸಿರನ್ನು ಊದುವುದು ಒಳ್ಳೆಯದೇ. ರೋಗವು ಬಾರದಂತೆ ನಡೆದುಕೊಳ್ಳುವುದು ಅದಕ್ಕಿಂತ ಒಳ್ಳೆಯದು.

ಇನ್ನು ಕಾಡಿನ ವಿಚಾರ. ಊರಿನಿಂದ ಕಿಲ್ಬರಿ ಮತ್ತು ಪಂಗೋಟಿಗೆ ಹೋಗುವ ದಾರಿಯು ಬಾಂಜ್, ತಿಲೋಂಜ್ ಮೊದಲಾದ ಓಕ್ ಮರಗಳ ಮತ್ತು ದೇವದಾರುಗಳ ನಡುವೆ ಸಾಗುತ್ತದೆ. ಮರಗಳ ಮೈಮೇಲೆ ಪಾಚಿಯೂ ಜರಿಗಿಡಗಳೂ ಹಬ್ಬಿವೆ. ಬಾಂಜ್ ಮರದ ಬುಡದಲ್ಲಿ ಉದುರಿದ ಎಲೆಗಳು ಕೊಳೆತು ಹತ್ತಿಯ ಹಾಸಿಗೆಯಂತಹ ಮಣ್ಣಾಗುತ್ತವೆ. ಅದು ಮಳೆಯ ನೀರನ್ನು ಹೀರಿ ಹಿಡಿದುಕೊಂಡು ಒರತೆಗಳಿಗೆ ಕೊಡುವುದು. ಬಾಂಜ್ ಇದ್ದಲ್ಲಿ ನೀರುಂಟೆಂಬುದು ಕುಮಾವೂನಿನ ಹಳ್ಳಿಯವರ ದೃಢವಾದ ನಂಬಿಕೆ. ಚೀಡ್ ಮರದ ಒಣಗಿದ ಸೂಜಿಯೆಲೆಗಳಿಗೆ ಪಿರೂಲ್ ಎಂದು ಹೆಸರು. ಇವು ಕೊಳೆಯುವುದು ನಿಧಾನ, ಹೊತ್ತಿಕೊಳ್ಳುವುದು ಶೀಘ್ರ. ೨೦೨೪ರ ಏಪ್ರಿಲಿನಲ್ಲಿ ನೈನಿತಾಲದ ಸುತ್ತಣ ಕಾಡಿಗೆ ಬೆಂಕಿ ಬಿದ್ದಾಗ ವಾಯುದಳದ ಹೆಲಿಕಾಪ್ಟರು ಭೀಮತಾಲದ ಕೆರೆಯಿಂದ ತೊಟ್ಟಿಯಲ್ಲಿ ನೀರನ್ನೆತ್ತಿ ಬೆಂಕಿಯ ಮೇಲೆ ಸುರಿಯಬೇಕಾಯಿತು. ಸೇದಿದ ಬೀಡಿಯ ತುಂಡು ಈ ಕಾಡಿನಲ್ಲಿ ಎಂತಹ ಅನರ್ಥಕ್ಕೆ ಕಾರಣವಾಗಬಹುದೆಂದು ಬೇರೆ ಹೇಳಬೇಕಾದುದಿಲ್ಲ.

ಈ ದಾರಿಯಲ್ಲಿ ಮೋಟಾರನ್ನು ಬಿಟ್ಟು ಒಂದೆರಡು ಮೈಲಿ ನಡೆದರೆ ಪಕ್ಷಿಗಳ ಸಂಪತ್ತು ಕಾಣುವುದು. ಮರಕುಟಿಗಗಳು, ಕಾಡುಕೋಳಿಯ ಜಾತಿಯ ಕೊಕ್ಲಾಸ್ ಮತ್ತು ಚೀರ್ ಪಕ್ಷಿಗಳು, ಆಕಾಶದಲ್ಲಿ ರೆಕ್ಕೆ ಆಡಿಸದೆ ತೇಲುವ ಹಿಮಾಲಯದ ರಣಹದ್ದುಗಳು ಇಲ್ಲಿಯ ನಿವಾಸಿಗಳು. ಫಾಲ್ಗುಣ ಚೈತ್ರಗಳಲ್ಲಿ ಬುರಾಂಶ್ ಮರಗಳು ಕೆಂಪು ಹೂಗಳಿಂದ ಮುಚ್ಚಿಹೋಗುತ್ತವೆ. ಆ ಹೂವಿನಿಂದ ಪಾನಕವನ್ನು ಮಾಡಿ ಮಾರುತ್ತಾರೆ. ಬೇಸಿಗೆಯಲ್ಲಿ ಕಾಫಲ್ ಎಂಬ ಹುಳಿಸಿಹಿಯ ಸಣ್ಣ ಹಣ್ಣನ್ನು ಹಳ್ಳಿಯ ಹೆಂಗಸರು ಬುಟ್ಟಿಗಳಲ್ಲಿ ತರುತ್ತಾರೆ. ಹುಲಿಗಳ ಕಥೆಗಳಿಂದ ಪ್ರಸಿದ್ಧರಾದ ಜಿಮ್ ಕಾರ್ಬೆಟ್ಟರು ೧೮೭೫ರಲ್ಲಿ ಹುಟ್ಟಿದುದು ನೈನಿತಾಲದಲ್ಲಿಯೇ. ಅವರಿಗೆ ಕಾಡಿನ ಭಾಷೆಯನ್ನು ಕಲಿಸಿದುದು ಈ ಬೆಟ್ಟಗಳೂ ಇವುಗಳ ಬುಡದಲ್ಲಿರುವ ಕಾಲಾಢೂಂಗಿಯ ಕಾಡೂ ಆಗಿದ್ದುವು.

ನೈನಿತಾಲದ ಸುತ್ತ ಇನ್ನೂ ಕೆರೆಗಳುಂಟು. ಸುಮಾರು ೧೪ ಮೈಲಿ ದೂರದ ಭೀಮತಾಲದ ನಡುವೆ ಒಂದು ದ್ವೀಪವಿದೆ. ಅದರ ಒಂದು ಪಕ್ಕದ ಕಟ್ಟೆಯು ೧೮೮೩ರದು. ಅಲ್ಲಿಂದ ಎರಡು ಮೂರು ಮೈಲಿ ದೂರದಲ್ಲಿ ಒಂಬತ್ತು ಮೂಲೆಗಳ ನೌಕುಚಿಯಾತಾಲ; ಒಂಬತ್ತು ಮೂಲೆಗಳನ್ನೂ ಒಂದೇ ನೋಟದಲ್ಲಿ ಕಂಡವರಿಗೆ ಭಾಗ್ಯವೆಂದು ನಂಬಿಕೆ. ಸಾತತಾಲದಲ್ಲಿ ರಾಮ, ಲಕ್ಷ್ಮಣ, ಸೀತೆಯರ ಹೆಸರಿನ ಕೆರೆಗಳು ಓಕ್ ಮತ್ತು ಚೀಡ್ ಮರಗಳ ನಡುವೆ ಅಡಗಿವೆ. ಜನಸಂದಣಿಯನ್ನು ಸಹಿಸಲಾರದವರು ಈ ಊರುಗಳಲ್ಲಿ ಇಳಿದುಕೊಂಡು ನೈನಿತಾಲವನ್ನು ಒಂದು ದಿನ ನೋಡಿಬರುವುದು ಉತ್ತಮ. ಅದರಿಂದ ತಮಗೂ ಸಮಾಧಾನ, ಭಾರವನ್ನು ಹೊತ್ತ ಆ ಸಣ್ಣ ಊರಿಗೂ ಸ್ವಲ್ಪ ಬಿಡುವು.

ಕತ್ತಲಾದ ಮೇಲೆ ನೋಡತಕ್ಕ ವಿಷಯವೂ ಒಂದುಂಟು. ಊರಿಗೆ ಸಮೀಪದ ಮನೋರಾ ಶಿಖರದ ಮೇಲೆ ಖಗೋಳವೀಕ್ಷಣಾಲಯವಿದೆ. ೧೯೫೪ರಲ್ಲಿ ಕಾಶಿಯಲ್ಲಿ ಸ್ಥಾಪಿತವಾದ ಈ ಸಂಸ್ಥೆಯನ್ನು ಮರುವರ್ಷ ನೈನಿತಾಲಕ್ಕೂ, ೧೯೬೧ರಲ್ಲಿ ಮನೋರಾಕ್ಕೂ ತಂದರು. ಆರಂಭದ ವರ್ಷಗಳಲ್ಲಿ ಇದನ್ನು ನಡೆಸಿದವರು ವೇಣು ಬಾಪು ಅವರು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ ಅವರೇ ಆದುದರಿಂದ ಕನ್ನಡಿಗರಿಗೆ ಈ ಶಿಖರವು ತೀರ ಪರಕೀಯವಲ್ಲ. ಇದೇ ಸಂಸ್ಥೆಯವರು ಇದೇ ಜಿಲ್ಲೆಯ ದೇವಸ್ಥಲವೆಂಬಲ್ಲಿ ಸುಮಾರು ೧೨ ಅಡಿ ವ್ಯಾಸದ ಕನ್ನಡಿಯುಳ್ಳ ದೂರದರ್ಶಕವನ್ನು ೨೦೧೬ರಲ್ಲಿ ನೆಲೆಗೊಳಿಸಿದ್ದಾರೆ.

ಸಂಸಾರಸಮೇತ ಹೋಗುವವರಿಗೆ ಕೆಲವು ಸೂಚನೆಗಳನ್ನು ಹೇಳಿ ಮುಗಿಸುತ್ತೇವೆ. ಬೇಸಿಗೆಯಲ್ಲಿಯೂ ಉಣ್ಣೆಯ ಬಟ್ಟೆಯೊಂದು ಜೊತೆಯಲ್ಲಿರಲಿ. ಜುಲೈಯಿಂದ ಸೆಪ್ಟೆಂಬರಿನ ವರೆಗೆ, ಭಾರೀ ಮಳೆಯ ದಿನಗಳಲ್ಲಿ, ಬೆಟ್ಟದ ದಾರಿಗೆ ಹೊರಡಬಾರದು. ಊರೊಳಗೆ ಮೋಟಾರನ್ನು ಬಿಟ್ಟು ನಡೆಯುವುದೇ ಮೇಲು. ಎರಡು ಮೈಲಿಯ ದಡವನ್ನು ಸುತ್ತುವುದು ಮಕ್ಕಳಿಗೂ ಕಷ್ಟವಲ್ಲ. ಹೋಟೆಲಿನ ನಲ್ಲಿಯಲ್ಲಿ ನೀರು ಬರುತ್ತಿದೆಯೆಂದು ಧಾರಾಳವಾಗಿ ಹರಿಯಬಿಡಬಾರದು. ನೀರಿಗಾಗಿ ಕೊಡ ಹಿಡಿದು ಕಾದು ನಿಂತ ದಿನಗಳನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ವಿಸ್ತರಿಸಿ ಹೇಳಬೇಕೆ? ತಂದ ಪೊಟ್ಟಣಗಳ ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಕಾಲುವೆಗೆ ಎಸೆಯದೆ ಚೀಲದಲ್ಲಿಟ್ಟು ಹಿಂದಕ್ಕೆ ತರಬೇಕು.

ಭಾದ್ರಪದ ಶುಕ್ಲ ಅಷ್ಟಮಿಯ ಸುಮಾರಿಗೆ ನೈನಿತಾಲದಲ್ಲಿ ನಂದಾದೇವಿಯ ಉತ್ಸವವಾಗುತ್ತದೆ. ಬಾಳೆಯ ದಿಂಡಿನಿಂದ ನಂದಾ ಸುನಂದಾ ಎಂಬ ಇಬ್ಬರು ದೇವಿಯರ ಮೂರ್ತಿಗಳನ್ನು ಮಾಡಿ, ಅಲಂಕರಿಸಿ, ಪೂಜಿಸಿ, ಕೊನೆಯ ದಿನ ಮೆರವಣಿಗೆಯಲ್ಲಿ ಕರೆತಂದು ಸರೋವರದಲ್ಲಿ ಬಿಡುತ್ತಾರೆ. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಡುವ ಭಾವವು ಆ ದಿನ ಹೆಂಗಸರ ಮುಖದಲ್ಲಿ ಕಾಣುವುದು. ಸುಮಾರು ಆ ದಿನಗಳಲ್ಲಿಯೇ, ೧೮೮೦ರ ಸೆಪ್ಟೆಂಬರಿನಲ್ಲಿ, ಬೆಟ್ಟವು ಜಾರಿತ್ತು. ಅದೇ ನೀರಿಗೆ ಮಗಳನ್ನು ಒಪ್ಪಿಸಿ, ಅದೇ ನೀರನ್ನು ಮರುದಿನ ಬೆಳಿಗ್ಗೆ ಕೊಡದಲ್ಲಿ ತುಂಬಿಕೊಳ್ಳುವ ಜನರ ಊರಿಗೆ ನಾವು ಅತಿಥಿಗಳಾಗಿ ಹೋಗುತ್ತೇವೆ. ಅತಿಥಿಯು ಮನೆಯ ಬಾವಿಯನ್ನು ಹೇಗೆ ನೋಡಿಕೊಳ್ಳಬ���ಕೋ ಹಾಗೆ ಆ ಸರೋವರವನ್ನು ನೋಡಿಕೊಂಡು, ಕಣ್ತುಂಬ ಕಂಡು, ಸುಖವಾಗಿ ಮರಳಿ ಬರುವಂತಾಗಲೆಂದು ನಮ್ಮ ವಾಚಕರಿಗೆ ಹಾರೈಸುತ್ತೇವೆ.